ಚೇತರಿಕೆಯೂ ಮನೆಯ ಬೆಲೆಯೂ



ಈ ಊರಿನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಊಟ ಮುಗಿಯುವ ಮೊದಲೇ ಕಾಂಡೊ ಬೆಲೆಯ ಮಾತು ಬರುತ್ತದೆ. "ಆರ್ಥಿಕತೆ ಚೇತರಿಸುತ್ತಿದೆ, ಈಗಲೇ ಕೊಳ್ಳಬೇಕು" ಎಂದು ಒಬ್ಬರಾದರೂ ಹೇಳುತ್ತಾರೆ. ಜ್ವರ ಇಳಿದ ಮಾತ್ರಕ್ಕೆ ರೋಗಿ ಗುಣವಾದನೆಂದು ನಾವು ವೈದ್ಯರು ಬರೆಯುವುದಿಲ್ಲ.

ಸಿಂಗಪುರದ ಖಾಸಗಿ ಮನೆಗಳ ಬೆಲೆ 1996ರ ನಡುವಿನಲ್ಲಿ ಶಿಖರ ಮುಟ್ಟಿತ್ತು. ಆ ವರ್ಷದ ಮೇ ತಿಂಗಳಲ್ಲಿ ಸರ್ಕಾರ ಸಟ್ಟಾ ವ್ಯವಹಾರಕ್ಕೆ ಕಡಿವಾಣ ಹಾಕಿತು. ಮರುವರ್ಷ ಏಷ್ಯಾದ ಹಣಕಾಸು ಬಿಕ್ಕಟ್ಟು ಬಂತು. 1998ರ ಕೊನೆಗೆ ಬೆಲೆ ಸುಮಾರು ಶೇ. 45ರಷ್ಟು ಕುಸಿದಿತ್ತು. 1999ರಲ್ಲಿ ಅದು ಭರದಿಂದ ಏರಿದಾಗ ಕಾಯಿಲೆ ವಾಸಿಯಾಯಿತೆಂದು ನುಗ್ಗಿದವರು 2001ರ ಹಿಂಜರಿತದಲ್ಲಿ ಸಿಕ್ಕಿಬಿದ್ದರು. 1996ರ ಮಟ್ಟ ಮರಳಿ ದಾಟಿದ್ದು 2010ರಲ್ಲಿ, ಹದಿನಾಲ್ಕು ವರ್ಷದ ಮೇಲೆ!

2009ರ ನಂತರದ್ದು ಬೇರೆಯೇ ಕಥೆ. 2010ರಲ್ಲಿ ಆರ್ಥಿಕತೆ ಶೇ. 14ಕ್ಕೂ ಮಿಕ್ಕಿ ಬೆಳೆಯಿತು, ಬೆಲೆಯೂ ನೆಗೆಯಿತು. ಬೆನ್ನಿಗೇ ಸರ್ಕಾರವೂ ಬಂತು. ವಿದೇಶೀಯರ ಮೇಲೆ 2011ರ ಡಿಸೆಂಬರಿನಲ್ಲಿ ಶೇ. 10 ಎಂದು ಆರಂಭವಾದ ಹೆಚ್ಚುವರಿ ಮುದ್ರಾಂಕ ಶುಲ್ಕ 2023ರ ಏಪ್ರಿಲಿನಲ್ಲಿ ಶೇ. 60 ಮುಟ್ಟಿತು. ಚೇತರಿಕೆ ಖಚಿತವಾಗಲಿ ಎಂದು ಕಾದವರಿಗೆ ಬೆಲೆಯೂ ದುಬಾರಿ, ಶುಲ್ಕವೂ ದುಬಾರಿ.

ನಮ್ಮವರಿಗೆ ಇನ್ನೊಂದು ತೊಡಕಿದೆ. ನೌಕರಿ, ಇಲ್ಲಿರಲು ಬೇಕಾದ ಪಾಸು, ಸಾಲದ ಕಂತು ಮೂರೂ ಒಂದೇ ಗೂಟಕ್ಕೆ ಕಟ್ಟಿದ ಹಸುಗಳು. ಬೆಲೆ ಇಳಿಯುವ ಕಾಲವೇ ಕೆಲಸ ಹೋಗುವ ಕಾಲ. ಬಾಡಿಗೆಯವರು ಮನೆ ಖಾಲಿ ಮಾಡುವುದೂ ಆಗಲೇ. ಆದ್ದರಿಂದ ಚೇತರಿಕೆ ಯಾವಾಗ ಎಂದು ಪತ್ರಿಕೆ ತಿರುವುವ ಮೊದಲು, ಸಂಬಳವಿಲ್ಲದೆ ಎಷ್ಟು ತಿಂಗಳು ಕಂತು ಕಟ್ಟಬಲ್ಲೆವೆಂದು ಗಂಡಹೆಂಡತಿ ಕೂತು ಲೆಕ್ಕ ಹಾಕಿ. ಊರಿನ ಸೈಟು ಮಾರಿ ಮುಂಗಡ ಕೊಡುವವರಂತೂ ಎರಡು ಸಲ ಹಾಕಿ.