ಸ್ವಭಾವ, ವಂಶವಾಹಿ ಮತ್ತು ಕಷಾಯ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಗರ್ಭಕಲ್ಯಾಣದ ದಿನ ಮಾಡಿದ ಉಪನ್ಯಾಸ)

  

ನಾನು ವಿಜ್ಞಾನವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವನಲ್ಲ. ಸಿದ್ಧಾಂತಗ್ರಂಥಗಳಲ್ಲಿ ಪಾಂಡಿತ್ಯವುಳ್ಳವನೂ ಅಲ್ಲ. ವೃತ್ತಪತ್ರಿಕೆಯನ್ನು ಶ್ರದ್ಧೆಯಿಂದ ಓದುವ, ಸ್ವಾಧ್ಯಾಯಕ್ಕೆ ದಿನಕ್ಕೊಂದು ಗಳಿಗೆಯನ್ನು ಮೀಸಲಿಡುವ ಸಾಮಾನ್ಯ ಶ್ರಾವಕ. ಇಂಥವನಿಗೆ ವ್ಯವಸ್ಥಾಪಕರು ಈ ವಿಷಯವನ್ನು ಒಪ್ಪಿಸಿರುವುದಕ್ಕೆ ಕಾರಣವೊಂದಿದೆ. ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶ ಬೆಳೆದಂತೆಲ್ಲ ಇಲ್ಲಿಗೆ ಓದಿದ ತರುಣರು ಬರುತ್ತಿದ್ದಾರೆ. ನಮ್ಮ ಮಕ್ಕಳೂ ಅವರೊಡನೆ ದುಡಿಯುತ್ತಿದ್ದಾರೆ. ಅವರು ಕೇಳುವ ಪ್ರಶ್ನೆ ನೇರವಾದುದು: "ಕೋಪ, ಲೋಭ, ಧೈರ್ಯ, ಬುದ್ಧಿ ಎಲ್ಲವೂ ವಂಶವಾಹಿಗಳಲ್ಲಿ ಬರೆದಿಟ್ಟಿದ್ದರೆ ಕ್ಷಮೆಯನ್ನು ಉಪದೇಶಿಸುವುದೇಕೆ? ಆ ಬರಹವನ್ನೇ ತಿದ್ದಲು ಬರುವುದಾದರೆ ವ್ರತನಿಯಮಗಳಾದರೂ ಏಕೆ?" ಈ ಪ್ರಶ್ನೆಯನ್ನು ಗದರಿಸಿ ಸುಮ್ಮನಾಗಿಸುವುದು ನಮಗೆ ಶೋಭಿಸದು. ಉತ್ತರ ಹೇಳದಿದ್ದರೆ ಅವರು ಬಸದಿಗೆ ಬರುವುದನ್ನು ನಿಲ್ಲಿಸುವರು; ತಪ್ಪು ಉತ್ತರ ಹೇಳಿದರೆ ಬಂದರೂ ನಂಬಲಾರರು.

ಮೊದಲು ವಿಜ್ಞಾನವು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ನೋಡೋಣ. ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲಿಯೂ, ಕೆಂಪು ರಕ್ತಕಣಗಳಂತಹ ಕೆಲವನ್ನು ಬಿಟ್ಟರೆ, ಡಿ.ಎನ್.ಎ. ಎಂಬ ನೂಲಿನಂತಹ ವಸ್ತುವಿದೆ. ಅದರಲ್ಲಿ ನಾಲ್ಕೇ ಅಕ್ಷರಗಳಿಂದ ಬರೆದ ಸುಮಾರು 300 ಕೋಟಿ ಅಕ್ಷರಗಳ ಬರಹವಿದೆ. ದೇಹಕ್ಕೆ ಬೇಕಾದ ಪ್ರೋಟೀನುಗಳನ್ನು ತಯಾರಿಸಲು ಸೂಚನೆ ನೀಡುವ ಭಾಗಗಳು ಇದರಲ್ಲಿ ಸುಮಾರು 20,000 ಇವೆ. ಅವೇ ವಂಶವಾಹಿಗಳು, ಇಂದಿನವರು ಜೀನ್ ಎನ್ನುವಂಥವು. ಇದನ್ನು ಅರಿಯುವ ಕೆಲಸ ದೂರದೇಶಗಳಲ್ಲಷ್ಟೇ ನಡೆಯುತ್ತಿಲ್ಲ. 2020ರಲ್ಲಿ ಕೇಂದ್ರ ಸರ್ಕಾರವು ಮಂಜೂರು ಮಾಡಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ನಮ್ಮ ದೇಶದ ನಾನಾ ಸಮುದಾಯಗಳ 10,000 ಜನರ ಈ ಬರಹವನ್ನು ಓದಲಾಯಿತು. ಇಪ್ಪತ್ತು ಸಂಸ್ಥೆಗಳು ಕೂಡಿ ಮಾಡಿದ ಈ ಕಾರ್ಯವನ್ನು ಸಂಯೋಜಿಸಿದ್ದು ಇಲ್ಲಿಂದ ಎರಡು ಗಂಟೆಗಳ ಹಾದಿಯಲ್ಲಿರುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನ ಕೇಂದ್ರ. 2025ರ ಜನವರಿಯಲ್ಲಿ ಆ ಮಾಹಿತಿಯು ಸಂಶೋಧಕರಿಗೆ ತೆರೆಯಲ್ಪಟ್ಟಿತು.

ಇನ್ನು ಸ್ವಭಾವದ ವಿಚಾರ. ತದ್ರೂಪಿ ಅವಳಿಗಳ ವಂಶವಾಹಿಗಳು ಒಂದೇ ಬಗೆಯವು. ಸಾಮಾನ್ಯ ಅವಳಿಗಳದು ಅಣ್ಣತಮ್ಮಂದಿರಲ್ಲಿ ಇರುವಷ್ಟೇ ಹೋಲಿಕೆ. ಈ ಎರಡು ಬಗೆಯ ಅವಳಿಗಳನ್ನು ಹೋಲಿಸಿ ಯಾವ ಗುಣದಲ್ಲಿ ಹುಟ್ಟಿನ ಪಾಲೆಷ್ಟು ಎಂದು ವಿಜ್ಞಾನಿಗಳು ಅಳೆಯುತ್ತಾರೆ. ಐವತ್ತು ವರ್ಷಗಳಲ್ಲಿ ನಡೆದ ಇಂತಹ 2,748 ಅಧ್ಯಯನ ಪ್ರಬಂಧಗಳನ್ನು ಒಟ್ಟುಗೂಡಿಸಿದ ಒಂದು ಪರಾಮರ್ಶೆ 2015ರಲ್ಲಿ ಪ್ರಕಟವಾಯಿತು. ದೇಹದ, ಮನಸ್ಸಿನ ಎಲ್ಲ ಗುಣಗಳನ್ನೂ ಸೇರಿಸಿ ಸರಾಸರಿ ತೆಗೆದಾಗ ಹುಟ್ಟಿನ ಪಾಲು ಶೇಕಡ 49 ಎಂದು ಅದರಲ್ಲಿ ಕಂಡುಬಂದಿತು.

ಈ ಶೇಕಡ 49 ಎಂಬ ಮಾತನ್ನು ಜನ ತಪ್ಪಾಗಿ ಗ್ರಹಿಸುವುದುಂಟು. ಒಬ್ಬನ ಕೋಪದಲ್ಲಿ ಅರ್ಧಪಾಲು ತಂದೆಯದು, ಉಳಿದರ್ಧ ಅವನದು ಎಂದು ಅದರ ಅರ್ಥವಲ್ಲ. ಒಂದು ಜನಸಮುದಾಯದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ವ್ಯತ್ಯಾಸದಲ್ಲಿ ಸುಮಾರು ಅರ್ಧಭಾಗಕ್ಕೆ ವಂಶವಾಹಿಗಳ ವ್ಯತ್ಯಾಸ ಕಾರಣ ಎಂದಷ್ಟೇ. ಪರಿಸರ ಬದಲಾದರೆ ಆ ಅಂಕಿಯೂ ಬದಲಾಗುತ್ತದೆ. ಇದಕ್ಕೆ ಶಿಡ್ಲಘಟ್ಟ, ಚಿಂತಾಮಣಿಯ ಕಡೆಯ ಉದಾಹರಣೆಯೊಂದನ್ನು ಕೊಡಬಹುದು. ಗೂಡಿನೊಳಗಣ ಜೀವವನ್ನು ಕೊಂದು ನೂಲು ತೆಗೆಯುವ ರೇಷ್ಮೆಯ ಮಾತನ್ನು ಅಹಿಂಸಾಧರ್ಮೀಯರ ಸಭೆಯಲ್ಲಿ ತರುವುದಕ್ಕೆ ಸಂಕೋಚವೇ ಆಗುತ್ತದೆ. ಆದರೂ ಈ ಸೀಮೆಯವರಿಗೆ ಇದಕ್ಕಿಂತ ಚೆನ್ನಾಗಿ ಪರಿಚಯವಿರುವ ದೃಷ್ಟಾಂತ ಇನ್ನೊಂದಿಲ್ಲ. ಮಿಶ್ರತಳಿಯ ಗೂಡು ಒಂದು ಬಣ್ಣ, ದ್ವಿತಳಿಯ ಗೂಡು ಇನ್ನೊಂದು ಬಣ್ಣ. ಇದು ತಳಿಯಿಂದ ಬಂದದ್ದು. ಆದರೆ ಒಂದೇ ತಳಿಯ ಮೊಟ್ಟೆಯನ್ನು ಇಬ್ಬರು ರೈತರು ಹಂಚಿಕೊಂಡರೆ ಇಬ್ಬರ ಗೂಡೂ ಒಂದೇ ಬೆಲೆಗೆ ಹೋಗುವುದೇ? ಒಬ್ಬನ ಹುಳುಮನೆಯಲ್ಲಿ ಗಾಳಿ, ಶುಚಿ, ಎಳೆಯ ಸೊಪ್ಪು. ಇನ್ನೊಬ್ಬನಲ್ಲಿ ತೇವ ಹೆಚ್ಚಾಗಿ ಸುಣ್ಣಕಟ್ಟು ರೋಗ. ಮೊಟ್ಟೆ ಒಂದೇ ಆದರೂ ಫಲ ಬೇರೆ. ಪ್ರಜ್ಞೆಯಿಲ್ಲದೆ ಬೆಳೆಯುವ ಹುಳುವಿನಲ್ಲೇ ಹೀಗಾದರೆ ವಿವೇಕವುಳ್ಳ ಮನುಷ್ಯನ ವಿಷಯದಲ್ಲಿ ಹೇಳತಕ್ಕುದೇನು?

ಹಾಗಾದರೆ "ಕೋಪದ ಜೀನ್ ಪತ್ತೆ" ಎಂದು ಪತ್ರಿಕೆಗಳಲ್ಲಿ ಬಂದದ್ದೇನು? 1993ರಲ್ಲಿ ನೆದರ್ಲೆಂಡ್ಸಿನ ಒಂದು ಕುಟುಂಬದ ಕೆಲವು ಗಂಡಸರಲ್ಲಿ ಎಂ.ಎ.ಓ.ಎ. ಎಂಬ ವಂಶವಾಹಿಯು ಪೂರ್ತಿ ಕೆಟ್ಟುಹೋಗಿರುವುದು ಕಂಡುಬಂದಿತು. ಅವರಲ್ಲಿ ಬುದ್ಧಿಮಾಂದ್ಯವೂ ತಡೆಯಲಾಗದ ಸಿಟ್ಟೂ ಇದ್ದವು. ಅದು ಅತ್ಯಂತ ಅಪರೂಪದ ದೋಷ. ಆದರೆ ಅದೇ ವಂಶವಾಹಿಯ ಸಾಮಾನ್ಯ ರೂಪಭೇದಗಳಿಗೂ ಮುಂದೆ ಯುದ್ಧವೀರನ ಹೆಸರು ಅಂಟಿಕೊಂಡಿತು. 2009ರಲ್ಲಿ ಇಟಲಿಯ ಟ್ರಿಯೆಸ್ತೆ ನಗರದ ಮೇಲ್ಮನವಿ ನ್ಯಾಯಾಲಯವು ಕೊಲೆಗಾರನೊಬ್ಬನ ವಂಶವಾಹಿ ಪರೀಕ್ಷೆಯನ್ನು ಪರಿಗಣಿಸಿ ಅವನ ಶಿಕ್ಷೆಯಲ್ಲಿ ಒಂದು ವರ್ಷವನ್ನು ಕಡಮೆ ಮಾಡಿತು. ಇತ್ತ ವಿಜ್ಞಾನವೇ ಮುಂದೆ ಸಾಗಿ ಒಂದು ಗುಣಕ್ಕೆ ಒಂದು ಜೀನ್ ಎಂಬ ಲೆಕ್ಕವನ್ನು ಬಹುಮಟ್ಟಿಗೆ ಕೈಬಿಟ್ಟಿದೆ. ಗಜಕಡ್ಡಿಯಿಂದ ಅಳೆಯಬಹುದಾದ ದೇಹದ ಎತ್ತರವನ್ನೇ ತೆಗೆದುಕೊಳ್ಳಿ. ಸುಮಾರು 54 ಲಕ್ಷ ಜನರನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಎತ್ತರದ ಮೇಲೆ ಪರಿಣಾಮ ಬೀರುವ ತಾಣಗಳು ಸುಮಾರು 12,000. ಎತ್ತರಕ್ಕೇ ಇಷ್ಟಾದರೆ ಕರುಣೆಗೆಷ್ಟು, ಅಸೂಯೆಗೆಷ್ಟು? ಒಂದೊಂದರ ಪ್ರಭಾವವೂ ಅಣುಮಾತ್ರ. ಒಂದೊಂದಕ್ಕೂ ಬೇರೆ ಹತ್ತು ಕೆಲಸ.

ಈಗ ನಮ್ಮ ಸಿದ್ಧಾಂತದ ಕಡೆಗೆ ಬರೋಣ. ವಿಜ್ಞಾನದಲ್ಲಿ ಹೊಸದೇನಾದರೂ ಬಂದ ಕೂಡಲೇ "ಇದು ನಮ್ಮ ಆಗಮಗಳಲ್ಲಿ ಎಂದೋ ಇದೆ" ಎಂದು ಸಾರುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. "ಡಿ.ಎನ್.ಎ. ಎಂದರೆ ಕಾರ್ಮಣ ಶರೀರವೇ" ಎಂದು ಹೇಳುವವರನ್ನೂ ನಾನು ಕೇಳಿದ್ದೇನೆ. ಇದು ವಿಜ್ಞಾನಕ್ಕೂ ನ್ಯಾಯವಲ್ಲ, ಆಗಮಕ್ಕೂ ಗೌರವವಲ್ಲ. ವಂಶವಾಹಿಯು ತಂದೆತಾಯಿಗಳಿಂದ ಬಂದು ದೇಹದೊಡನೆ ಅಳಿಯುವ ವಸ್ತು. ಕಾರ್ಮಣ ಶರೀರವಾದರೋ ಯಾವ ಸೂಕ್ಷ್ಮದರ್ಶಕಕ್ಕೂ ಸಿಗದೆ ಜೀವನೊಡನೆ ಭವಭವಾಂತರಕ್ಕೆ ಸಾಗತಕ್ಕುದೆಂದು ಆಚಾರ್ಯರ ಮತ. ತದ್ರೂಪಿ ಅವಳಿಗಳನ್ನೇ ನೋಡಿ. ವಂಶವಾಹಿ ಒಂದೇ ಬಗೆಯದು. ಆದರೆ ಜೀವಗಳು ಎರಡು, ಅವುಗಳ ಕರ್ಮವೂ ಬೇರೆಬೇರೆ. ಎರಡೂ ಒಂದೇ ಎನ್ನುವವರಿಗೆ ಆ ಎರಡು ಹಸುಳೆಗಳೇ ಸಾಕಾದ ಉತ್ತರ.

ಹಾಗಾದರೆ ವಂಶವಾಹಿಗೆ ನಮ್ಮ ವಿಚಾರದಲ್ಲಿ ಸ್ಥಾನವೆಲ್ಲಿ? ನನ್ನ ಅಲ್ಪಮತಿಗೆ ತೋರುವಂತೆ ಅದು ನೋಕರ್ಮದ ಸಾಲಿಗೆ ಸೇರತಕ್ಕುದು. ಗಂಗರ ಮಂತ್ರಿ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರಕ್ಕೆ 1359ರಲ್ಲಿ ಕೇಶವವರ್ಣಿಯು ಕನ್ನಡದಲ್ಲಿ ವೃತ್ತಿಯನ್ನು ಬರೆದುದು ನಮ್ಮ ನುಡಿಯ ಭಾಗ್ಯ. ಆ ಗ್ರಂಥದ ಕರ್ಮಕಾಂಡದಲ್ಲಿ ಕರ್ಮಪ್ರಕೃತಿಗಳ ಉದಯಕ್ಕೆ ನೆರವಾಗುವ ಹೊರಗಣ ವಸ್ತುಗಳನ್ನು ನೋಕರ್ಮವೆಂದು ವಿವರಿಸಿದೆ. ನಿದ್ರೆಗೆ ಎಮ್ಮೆಯ ಮೊಸರು ನೋಕರ್ಮ ಎಂದಿರುವುದನ್ನು ಓದಿದಾಗ ಯಾರಿಗಾದರೂ ನಗು ಬಂದೀತು. ಆದರೆ ವಿಚಾರ ಗಂಭೀರವಾದುದು. ಮೊಸರನ್ನ ಉಂಡವನಿಗೆ ತೂಕಡಿಕೆ ಬರುವುದು ಅನುಭವಸಿದ್ಧ. ಹಾಗೆಂದು ಮೊಸರೇ ನಿದ್ರೆಯಲ್ಲ. ಮೊಸರುಂಡವರೆಲ್ಲ ಮಲಗಲೇಬೇಕೆಂದೂ ಇಲ್ಲ. ಸಾಮಾಯಿಕಕ್ಕೆ ಕುಳಿತುಕೊಳ್ಳಬೇಕೆಂದಿರುವವನು ಮೊಸರನ್ನು ಕಡಮೆ ಮಾಡುವನು, ಇಲ್ಲವೆ ಉಂಡೂ ಎಚ್ಚರವಾಗಿರುವನು. ವಂಶವಾಹಿಯೂ ಇಂತಹುದೇ. ಅದು ನಿಮಿತ್ತವೇ ಹೊರತು ಉಪಾದಾನವಲ್ಲ.

ಅಷ್ಟಕರ್ಮಗಳ 148 ಉತ್ತರಪ್ರಕೃತಿಗಳಲ್ಲಿ ಶರೀರ, ಅಂಗಾಂಗ, ರೂಪ, ಸ್ವರ ಇವೆಲ್ಲ ನಾಮಕರ್ಮದ 93ರಲ್ಲಿ ಸೇರುತ್ತವೆ. ಕ್ರೋಧ, ಮಾನ, ಮಾಯೆ, ಲೋಭಗಳಾದರೋ ಮೋಹನೀಯದವು. ದೇಹವನ್ನು ಕಟ್ಟುವುದು ಬೇರೆ, ಭಾವವನ್ನು ಕೆಡಿಸುವುದು ಬೇರೆ ಎಂಬ ಈ ವಿಭಾಗವೇ ಮನನಯೋಗ್ಯ. ಕ್ರೋಧದಲ್ಲಿಯೂ ಆಚಾರ್ಯರು ತರತಮವನ್ನು ಕಂಡಿದ್ದಾರೆ: ಕಲ್ಲಿನ ಮೇಲಣ ಗೆರೆ, ನೆಲದ ಮೇಲಣ ಬಿರುಕು, ಮರಳಿನ ಗೆರೆ, ನೀರಿನ ಗೆರೆ. ಒಬ್ಬನು ಕಲ್ಲಿನ ಗೆರೆಯಂತಹ ಕೋಪದೊಡನೆ ಹುಟ್ಟಿರಬಹುದು. ನೀರಿನ ಗೆರೆಯ ಕಡೆಗೆ ನಡೆಯುವ ಹಾದಿ ಅವನಿಗೆ ಮುಚ್ಚಿಲ್ಲ. ಕಟ್ಟಿದ ಕರ್ಮದ ಸ್ಥಿತಿ ಅನುಭಾಗಗಳು ಹೆಚ್ಚುವುದುಂಟು, ತಗ್ಗುವುದುಂಟು, ಒಂದು ಇನ್ನೊಂದಾಗಿ ಮಾರ್ಪಡುವುದೂ ಉಂಟು ಎಂದು ಕರ್ಮಸಿದ್ಧಾಂತವೇ ಹೇಳುತ್ತದೆ. ಕರ್ಮವಾದವೆಂದರೆ ಹಣೆಬರಹದ ವಾದವೆಂದು ತಿಳಿದವರು ಈ ಭಾಗವನ್ನು ಓದಿಲ್ಲ. ಆದುದರಿಂದ "ನನ್ನ ಜೀನ್ ಹೀಗಿದೆ, ನಾನೇನು ಮಾಡಲಿ" ಎನ್ನುವುದೂ "ನನ್ನ ಕರ್ಮ ಹೀಗಿದೆ, ನಾನೇನು ಮಾಡಲಿ" ಎನ್ನುವುದೂ ಪುರುಷಾರ್ಥಕ್ಕೆ ಬೆನ್ನುಹಾಕುವ ಒಂದೇ ಮಾತಿನ ಎರಡು ರೂಪ.

ಇನ್ನು ತಿದ್ದುವ ವಿಚಾರ. ಬ್ಯಾಕ್ಟೀರಿಯಗಳು ವೈರಸ್ಸನ್ನು ಎದುರಿಸಲು ಬಳಸುವ ಉಪಾಯವೊಂದನ್ನು ಅನುಸರಿಸಿ, ಡಿ.ಎನ್.ಎ. ನೂಲನ್ನು ಬೇಕಾದೆಡೆಯಲ್ಲಿ ಕತ್ತರಿಸುವ ಕ್ರಿಸ್ಪರ್ ಎಂಬ ವಿಧಾನವನ್ನು 2012ರಲ್ಲಿ ತೋರಿಸಿಕೊಟ್ಟ ಇಮ್ಯಾನುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನಾ ಎಂಬ ಇಬ್ಬರು ಮಹಿಳೆಯರಿಗೆ 2020ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಸಂದಿತು. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ತೀವ್ರ ವೇದನೆ ಕೊಡುವ ಕುಡುಗೋಲು ಕಣ ರಕ್ತಹೀನತೆಗೆ ಈ ವಿಧಾನದ ಚಿಕಿತ್ಸೆಯನ್ನು 2023ರ ನವೆಂಬರಿನಲ್ಲಿ ಬ್ರಿಟನ್ನೂ ಡಿಸೆಂಬರಿನಲ್ಲಿ ಅಮೆರಿಕವೂ ಅನುಮೋದಿಸಿದವು. ನಮ್ಮ ರಾಜ್ಯದ ಕಾಡಂಚಿನ ಬುಡಕಟ್ಟುಗಳಲ್ಲಿಯೂ ಈ ರೋಗವಿದೆ. ಇಂತಹ ನೋವನ್ನು ನೀಗಿಸುವ ವಿದ್ಯೆಯನ್ನು ಔಷಧದಾನವನ್ನು ಚತುರ್ವಿಧ ದಾನಗಳಲ್ಲೊಂದೆಂದು ಎಣಿಸುವ ನಾವು ವಿರೋಧಿಸಲಾಗದು. ಅದು ಬಡವನ ಕೈಗೂ ಎಟುಕಲೆಂದು ಹಾರೈಸಬೇಕು.

ಆದರೆ ರೋಗಿಯೊಬ್ಬನ ರಕ್ತವನ್ನು ತಿದ್ದುವುದು ಬೇರೆ. ಭ್ರೂಣವನ್ನು ತಿದ್ದಿ ಅದರ ಸಂತತಿಯನ್ನೆಲ್ಲ ಬದಲಿಸುವುದು ಬೇರೆ. 2018ರ ನವೆಂಬರಿನಲ್ಲಿ ಚೀನದ ಹೆ ಜಿಯಾನ್‌ಕ್ವಿ ಎಂಬ ಸಂಶೋಧಕನು ತಾನು ಭ್ರೂಣಗಳನ್ನು ತಿದ್ದಿ, ಅವಳಿ ಹೆಣ್ಣುಮಕ್ಕಳು ಹುಟ್ಟಿರುವರೆಂದು ಪ್ರಕಟಿಸಿದಾಗ ಜಗತ್ತೇ ಬೆಚ್ಚಿತು; ಮರುವರ್ಷ ಅವನಿಗೆ ಮೂರು ವರ್ಷಗಳ ಸೆರೆಯಾಯಿತು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ 2019ರ ಮಾರ್ಗಸೂಚಿಗಳು ಇಂತಹ ತಿದ್ದುಪಡಿಯನ್ನು ನಿಷೇಧಿಸಿವೆ. ಸ್ವಭಾವವನ್ನು ತಿದ್ದಿ ಶಾಂತನಾದ ಮಗುವನ್ನು ಪಡೆಯುವ ವಿದ್ಯೆ ಯಾರಲ್ಲಿಯೂ ಇಲ್ಲ. ಅದಕ್ಕಾಗಿ ಪ್ರಯತ್ನಿಸಹೊರಟರೆ ಎಷ್ಟು ಭ್ರೂಣಗಳನ್ನು ಮಾಡಿ ಎಷ್ಟನ್ನು ಎಸೆಯಬೇಕಾದೀತೆಂಬುದನ್ನು ಜೀವದಯೆಯುಳ್ಳವರು ತಾವೇ ಯೋಚಿಸಬಹುದು.

ಧರ್ಮಬಂಧುಗಳೇ, ಮುಂದೆ ಬರಬಹುದಾದ ಯಂತ್ರದ ಮಾತು ಹಾಗಿರಲಿ; ಆಗಲೇ ಬಂದಿರುವ ಯಂತ್ರವೊಂದನ್ನು ನಾವು ಹೇಗೆ ಬಳಸಿಕೊಂಡೆವೆಂಬುದನ್ನು ಹೇಳದೆ ಈ ಉಪನ್ಯಾಸ ಪೂರ್ಣವಾಗದು. ಇಂದು ಗರ್ಭಕಲ್ಯಾಣ. ತೀರ್ಥಂಕರರ ತಾಯಿಯು ಕಂಡ ಹದಿನಾರು ಸ್ವಪ್ನಗಳನ್ನು ಇದೇ ಮಂಟಪದಲ್ಲಿ ಭಕ್ತಿಯಿಂದ ಕಂಡಿದ್ದೇವೆ. ಗರ್ಭದಲ್ಲಿರುವ ಜೀವವನ್ನೇ ಕಲ್ಯಾಣಗಳಲ್ಲಿ ಮೊದಲನೆಯದಾಗಿ ಪೂಜಿಸುವ ಸಮಾಜ ನಮ್ಮದು. ಆದರೆ 2001ರ ಜನಗಣತಿಯಂತೆ ಭಾರತದ ಜೈನರಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 870. ಅದೇ ವರ್ಷ ದೇಶದ ಸರಾಸರಿ 927 ಇತ್ತು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲೇ ಬಂದಿದ್ದರೂ ಹೀಗಾಯಿತು. ಇದು ಉತ್ತರದವರ ಲೆಕ್ಕ, ನಮ್ಮದಲ್ಲ ಎಂದು ಸಮಾಧಾನ ಹೇಳಿಕೊಳ್ಳುವುದು ಸುಲಭ. ಆದರೆ ಹೆಸರು ನಮ್ಮೆಲ್ಲರದು. ಇರುವೆಗೆ ನೋವಾಗದಂತೆ ನಡೆಯುವವರ ಮನೆಗಳಲ್ಲಿ ಆ ಹೆಣ್ಣುಮಕ್ಕಳು ಎಲ್ಲಿ ಹೋದರು? ಸ್ಕ್ಯಾನಿಂಗ್ ಯಂತ್ರದಲ್ಲಿ ದೋಷವಿರಲಿಲ್ಲ. ದೋಷವಿದ್ದುದು ಅದರ ಮುಂದೆ ಕುಳಿತವರ ಮಾನದಲ್ಲಿ, ಲೋಭದಲ್ಲಿ. ವಂಶವಾಹಿಯ ಕತ್ತರಿ ನಾಳೆ ಅಗ್ಗವಾಗಿ ದೊರೆತರೂ ಅದನ್ನು ಹಿಡಿಯುವುದು ಇದೇ ಕೈ. ಕಷಾಯವನ್ನು ಕತ್ತರಿಸಲೆಂದು ತಂದ ಕತ್ತರಿಯನ್ನು ಕಷಾಯವೇ ಹಿಡಿದುಕೊಂಡರೆ ಗತಿಯೇನು?

ಆದುದರಿಂದ ನನ್ನ ಬಿನ್ನಹವಿಷ್ಟು. ರಕ್ತಸಂಬಂಧದಲ್ಲಿ ಮದುವೆ ನಿಶ್ಚಯಿಸುವವರು, ಮನೆತನದಲ್ಲಿ ಆನುವಂಶಿಕ ರೋಗವಿರುವವರು ಸಂಕೋಚವಿಲ್ಲದೆ ವೈದ್ಯರ ಸಲಹೆ ಪಡೆಯಲಿ. ಅದು ಈ ವಿಜ್ಞಾನದ ಸದುಪಯೋಗ. ಮಗುವಿನ ಎಂಜಲನ್ನೋ ಬೆರಳಚ್ಚನ್ನೋ ಪಡೆದು ಅದರ ಸ್ವಭಾವವನ್ನೂ ಭವಿಷ್ಯವನ್ನೂ ಬರೆದುಕೊಡುವೆವೆನ್ನುವವರಿಗೆ ಹಣ ತೆರಬೇಡಿ; ಹೊಸ ಬಗೆಯ ಜಾತಕವೊಂದು ನಮಗೆ ಬೇಡ. ಒರಟು ಸ್ವಭಾವದ ಮಗುವನ್ನು "ಇದು ಅಜ್ಜನ ರಕ್ತ" ಎಂದು ಕೈಬಿಡಬೇಡಿ. ತರುಣರು ಕೇಳಿದ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಹುಟ್ಟಿನಿಂದ ಬಂದುದು ಎಷ್ಟೇ ಇರಲಿ, ಇಂದು ಬೆಳಗ್ಗೆ ಎದ್ದ ಕೋಪವನ್ನು ಸಂಜೆಯವರೆಗೆ ಉಳಿಸಿಕೊಳ್ಳಬೇಕೇ, ಬಿಡಬೇಕೇ ಎಂಬುದನ್ನು ಯಾವ ಅಕ್ಷರವೂ ಮೊದಲೇ ಬರೆದಿಟ್ಟಿಲ್ಲ. ಅಷ್ಟು ಜಾಗ ಬಿಟ್ಟಿರುವುದರಿಂದಲೇ ವ್ರತಕ್ಕೆ ಅರ್ಥ, ಕ್ಷಮಾವಳಿಗೆ ಅರ್ಥ, ಇಂದು ನಾವು ಪ್ರತಿಷ್ಠಾಪಿಸುತ್ತಿರುವ ವೀತರಾಗ ಬಿಂಬಕ್ಕೂ ಅರ್ಥ.