ಬೆಂಕಿಪೊಟ್ಟಣದ ಚಿತ್ರಗಳು

ನಾಣ್ಯ, ಅಂಚೆಚೀಟಿಗಳನ್ನು ಕೂಡಿಡುವವರನ್ನು ನೀವು ಬಲ್ಲಿರಿ. ಕೈಲಾಂಚದ ಹುಡುಗರಾದ ನಮಗೆ ಎಟುಕಿದ್ದು ಬೆಂಕಿಪೊಟ್ಟಣದ ಚಿತ್ರಗಳು ಮಾತ್ರ. ಮರದ ಪೊಟ್ಟಣವನ್ನು ನೀರಿನಲ್ಲಿ ನೆನೆಹಾಕಿ, ಬಿಟ್ಟುಕೊಂಡ ಕಾಗದವನ್ನು ರೇಷ್ಮೆಹುಳುವಿನ ಖಾಲಿ ಚಂದ್ರಿಕೆಯ ಮೇಲೆ ಒಣಗಿಸುತ್ತಿದ್ದೆವು. ವಿಮ್ಕೋದ ಹಡಗು ಎಲ್ಲರಲ್ಲೂ ಇತ್ತು, ಶಿವಕಾಶಿಯವು ಬಗೆಬಗೆಯವು. ದಿನವೂ ಅದಲುಬದಲು.

1923ರ ಸುಮಾರಿಗೆ ಇವೆರಡೂ ತಯಾರಿಕೆಗಳು ಮೊದಲಾದವು. ಅದಕ್ಕೂ ಮುನ್ನ ಕಡ್ಡಿಗಳು ಹೆಚ್ಚಾಗಿ ಸ್ವೀಡನ್, ಜಪಾನುಗಳಿಂದ ಬರುತ್ತಿದ್ದವು. ಅಂಥದೊಂದು ಜಪಾನಿ ಚಿತ್ರ, ಎರಡೇ ಬಣ್ಣದ ಆನೆ, ನನ್ನ ಗೆಳೆಯನ ಅಜ್ಜಿಯ ಪೆಟ್ಟಿಗೆಯಲ್ಲಿತ್ತು. ಅದರ ಬೆಲೆ ಅವನಿಗೆ ತಿಳಿಯದು, ನನಗೆ ತಿಳಿದಿತ್ತು. ಶಿವಕಾಶಿಯ ಹತ್ತು ಹೊಳೆಯುವ ಚಿತ್ರಗಳನ್ನು ಕೊಟ್ಟು ಆನೆಯನ್ನು ಪಡೆದೆ. ತಾನೇ ಗೆದ್ದೆನೆಂದು ಅವನು ಕುಣಿದ.

ಮರುದಿನ ಅಜ್ಜಿ ಬಂದರು. “ಮಗ, ನಮ್ಮ ಯಜಮಾನ್ರು ಇಟ್ಟಿದ್ದ ಆನೆ ಪಟ ಕಂಡ್ಯಾ?” ಇಲ್ಲವೆಂದೆ.

ಅಜ್ಜಿ ಈಗಿಲ್ಲ. ಚಿತ್ರ ನನ್ನಲ್ಲಿದೆ. ಕೆಂಪು ಕಂದಿದೆ; ಸೊಂಡಿಲಿನ ಗೆರೆ ಇಂದಿಗೂ ಚೊಕ್ಕಟ. ನೋಡಿದವರೆಲ್ಲ ಮೆಚ್ಚಿ, ಎಲ್ಲಿ ಸಿಕ್ಕಿತೆಂದು ಕೇಳುತ್ತಾರೆ. ‘ಅದಲುಬದಲಿನಲ್ಲಿ’ ಎಂದು ಸುಮ್ಮನಾಗುತ್ತೇನೆ. ಈ ಸಲ ಊರಿಗೆ ಹೋದಾಗ ಅದನ್ನು ಗೆಳೆಯನ ಕೈಗಿತ್ತು, ಅಜ್ಜಿಗೆ ಹೇಳಿದ ಸುಳ್ಳನ್ನೂ ಹೇಳಿಬರಬೇಕೆಂದಿದ್ದೇನೆ.