ಹಾಡಿನೊಳಗೆ ಸಿಕ್ಕ ಮಾತು

ಮೇಷ್ಟ್ರು ಹೆಸರು ಕೇಳುತ್ತಾರೆ. ಎದ್ದು ನಿಂತ ಹುಡುಗನ ಬಾಯಲ್ಲಿ ಮೊದಲ ಅಕ್ಷರವೇ ಸಿಕ್ಕಿಹಾಕಿಕೊಳ್ಳುತ್ತದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಉಗ್ಗುವ ಎಷ್ಟೋ ಮಂದಿಗೆ ಎಲ್ಲಕ್ಕಿಂತ ಕಷ್ಟದ ಪದ ತಮ್ಮದೇ ಹೆಸರು.

ಅಮೆರಿಕದ ಗಾಯಕ ಬಿಲ್ ವಿದರ್ಸ್ ಚಿಕ್ಕಂದಿನಿಂದ ಉಗ್ಗುತ್ತಿದ್ದವರು. ಹುಟ್ಟಿದ್ದು 1938ರಲ್ಲಿ, ವೆಸ್ಟ್ ವರ್ಜೀನಿಯಾದ ಸ್ಲ್ಯಾಬ್ ಫೋರ್ಕ್ ಎಂಬ ಕಲ್ಲಿದ್ದಲು ಗಣಿಯ ಪುಟ್ಟ ಊರಿನಲ್ಲಿ. ಹದಿಮೂರನೇ ವಯಸ್ಸಿಗೆ ತಂದೆಯನ್ನು ಕಳೆದುಕೊಂಡರು. ಈ ಹುಡುಗನಿಂದಲೂ ಏನೋ ಆಗುತ್ತದೆ ಎಂದು ನಂಬಿದ್ದವಳು ಅಜ್ಜಿ. ಮುಂದೆ ಆ ಅಜ್ಜಿಯ ಕೈಗಳ ಮೇಲೆಯೇ ಅವರು ಒಂದು ಹಾಡು ಕಟ್ಟಿದರು.

ನೌಕಾಪಡೆಯಲ್ಲಿ ಒಂಬತ್ತು ವರ್ಷ, ಆಮೇಲೆ ವಿಮಾನಗಳಿಗೆ ಶೌಚಾಲಯ ತಯಾರಿಸುವ ಕಾರ್ಖಾನೆಯಲ್ಲಿ ಕೂಲಿ. ಮೊದಲ ಆಲ್ಬಂ ಬಂದಾಗ, 1971ರಲ್ಲಿ, ವಯಸ್ಸು ಮೂವತ್ತು ದಾಟಿತ್ತು. ಅದರ ಹೊದಿಕೆಯ ಮೇಲಿನ ಚಿತ್ರದಲ್ಲಿ ಅವರು ಕಾರ್ಖಾನೆಯ ಗೋಡೆಯ ಪಕ್ಕ ಊಟದ ಡಬ್ಬಿ ಹಿಡಿದು ನಿಂತಿದ್ದಾರೆ. ಕೇಳುವವರು ತನ್ನ ಬಗ್ಗೆ ಏನೆಂದುಕೊಂಡಾರು ಎಂಬ ಭಯವೇ ತನ್ನ ಉಗ್ಗಿನ ಬೇರು ಎಂದು ಅವರು ಕಂಡುಕೊಂಡದ್ದೂ ಮೂವತ್ತರ ಹತ್ತಿರ ಹತ್ತಿರದಲ್ಲೇ.

1972ರಲ್ಲಿ ಬಂತು 'ಲೀನ್ ಆನ್ ಮಿ'. ಕಷ್ಟ ಬಂದಾಗ ನನಗೆ ಒರಗಿಕೋ ಎನ್ನುವ ಹಾಡು. ಪಿಯಾನೋದ ಮೇಲೆ ಬೆರಳುಗಳು ಒಂದು ಮನೆಯಿಂದ ಪಕ್ಕದ ಮನೆಗೆ ನಡೆದು ಹೋದಷ್ಟೇ ಸರಳ. ಒಬ್ಬರಿಗೊಬ್ಬರು ಆಗುತ್ತಿದ್ದ ಗಣಿಯೂರಿನ ನೆನಪು ಅದರಲ್ಲಿದೆ. ಹುಡುಕಿದರೂ ಅದರಲ್ಲಿ ಕಠಿಣ ಪದ ಸಿಗುವುದಿಲ್ಲ. ಒಂದೊಂದು ಮಾತಿಗೂ ಹೆಣಗಿದವನಿಗಷ್ಟೇ ಮಾತಿನ ಬೆಲೆ ಹೀಗೆ ತಿಳಿದಿರುತ್ತದೆ ಎಂದು ನನಗೆ ಅನ್ನಿಸುತ್ತದೆ. 2020ರ ಮಾರ್ಚ್ 30ರಂದು ಅವರು ತೀರಿಕೊಂಡರು. ಕೊರೊನಾದ ಆ ದಿನಗಳಲ್ಲಿ ಜನ ದಾದಿಯರಿಗಾಗಿ, ವೈದ್ಯರಿಗಾಗಿ ಹಾಡುತ್ತಿದ್ದ ಹಾಡುಗಳಲ್ಲಿ ಇದೂ ಒಂದು.

ಉಗ್ಗುವವರು ಹಾಡುವಾಗ ಸಾಮಾನ್ಯವಾಗಿ ಉಗ್ಗುವುದಿಲ್ಲ. ಇನ್ನೂ ದೊಡ್ಡ ಅಚ್ಚರಿಯೊಂದಿದೆ. ಮಾತಿಗೆ ಹೆಚ್ಚಾಗಿ ಮಿದುಳಿನ ಎಡಭಾಗವೇ ಆಸರೆ. ಹಾಡು ಎರಡೂ ಬದಿಗೆ ಹರಡಿಕೊಂಡಿದೆ. ಹಾಗಾಗಿ ಎಡಭಾಗಕ್ಕೆ ಪೆಟ್ಟಾಗಿ ಮಾತು ಹೋದವರೂ ಎಷ್ಟೋ ಸಲ ಹಾಡಬಲ್ಲರು. ಬೇಕಾದ ಮಾತನ್ನು ರಾಗವಾಗಿ ಎಳೆದು, ಎಡಗೈಯಲ್ಲಿ ತಾಳ ತಟ್ಟಿಸುತ್ತ ಹೇಳಿಸುವ ಚಿಕಿತ್ಸೆಯನ್ನು 1970ರ ದಶಕದಲ್ಲಿ ಬಾಸ್ಟನ್ನಿನ ತಜ್ಞರು ರೂಪಿಸಿದರು. 2011ರಲ್ಲಿ ತಲೆಗೆ ಗುಂಡೇಟು ಬಿದ್ದು ಮಾತು ಕಳೆದುಕೊಂಡ ಅಮೆರಿಕದ ಸಂಸದೆ ಗೇಬ್ರಿಯಲ್ ಗಿಫರ್ಡ್ಸ್ ಮರಳಿ ಮಾತು ಕಲಿಯುವಾಗಲೂ ಹಾಡು ಜೊತೆಗಿತ್ತು.

ಇದನ್ನೆಲ್ಲ ಓದುವ ಮೊದಲೇ ನಾನು ನಮ್ಮ ಬಂಧುಗಳಲ್ಲೇ ಇದನ್ನು ಕಂಡಿದ್ದೆ. ಸೋದರಮಾವನಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದವು. ನೀರು ಬೇಕೆಂದರೂ ಲೋಟದ ಕಡೆ ನೋಡಬೇಕಿತ್ತು. ನಾವು ನೋಡಲು ಹೋದವರು ಅವರ ಪರವಾಗಿ ನಾವೇ ಮಾತಾಡಿ ಮುಗಿಸುತ್ತಿದ್ದೆವು. ಒಂದು ಶುಕ್ರವಾರ ಸಂಜೆ ಅತ್ತೆ ದೀಪ ಹಚ್ಚಿ ಎಂದಿನ ಲಕ್ಷ್ಮಿಯ ಹಾಡು ಹೇಳುತ್ತಿದ್ದರು. ನಡುವೆ ಕೆಮ್ಮು ಬಂದು ನಿಲ್ಲಿಸಿದರು. ಒಳಗಿನ ಮಂಚದಿಂದ ಮುಂದಿನ ಸಾಲು ಕೇಳಿಸಿತು. ಅಕ್ಷರ ಅಕ್ಷರವೂ ಸ್ಪಷ್ಟವಾಗಿ.

ಅಂದಿನಿಂದ ಅತ್ತೆ ಪ್ರತಿ ಸಂಜೆ ಅರ್ಧ ಸಾಲು ಹಾಡಿ, ಬತ್ತಿ ಸರಿಪಡಿಸುವವರಂತೆ ಸುಮ್ಮನೆ ನಿಲ್ಲುತ್ತಿದ್ದರು. ಮಾವ ಎಷ್ಟು ಹೊತ್ತು ತೆಗೆದುಕೊಂಡರೂ ಒಂದು ಸಲವೂ ಅವರು ಉಳಿದರ್ಧವನ್ನು ತಾವೇ ಹಾಡಲಿಲ್ಲ.